ಝೂನಿ ಒಡವೆಗೆ ಮಂಗಳೂರಿನಲ್ಲಿ ಬೆಲೆ ಕಟ್ಟಿಸುವುದು: ಒಂದು ಮೌಲ್ಯಮಾಪನ ಸೇವೆಯ ವಿಮರ್ಶೆ

ಮಂಗಳೂರಿನಲ್ಲಿ ಒಡವೆಗೆ ಬೆಲೆ ಕಟ್ಟುವವರಿಗೆ ಬರವಿಲ್ಲ. ಹಂಪನಕಟ್ಟೆಯಿಂದ ರಥಬೀದಿಯವರೆಗಿನ ಅಂಗಡಿಗಳಲ್ಲಿಯೂ, ಸಹಕಾರಿ ಸಂಘಗಳ ಅಡವು ಸಾಲದ ಕೌಂಟರುಗಳ ಹಿಂದೆ ಕುಳಿತ ಸರಾಫರಲ್ಲಿಯೂ, ಒರೆಗಲ್ಲಿಗೆ ಒಮ್ಮೆ ಉಜ್ಜಿ ಲೋಹದ ಶುದ್ಧತೆಯನ್ನು ಹೆಚ್ಚು ಕಡಿಮೆ ಸರಿಯಾಗಿಯೇ ಹೇಳಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬೆಲೆಯ ದೊಡ್ಡ ಪಾಲು ಲೋಹದಲ್ಲಿರದೆ ಕಲ್ಲಿನ ಕೆಲಸದಲ್ಲಿ, ಕೆಲಸಗಾರನ ಕೈಯಲ್ಲಿ ಮತ್ತು ಒಡವೆ ಹುಟ್ಟಿದ ಕಾಲದಲ್ಲಿ ಅಡಗಿರುವ ವಸ್ತುವನ್ನು ಇವರ ಮುಂದಿಟ್ಟರೆ ಈ ಜಾಣ್ಮೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಅಮೆರಿಕದ ಝೂನಿ ಮೂಲನಿವಾಸಿಗಳು ಮಾಡಿದ, ಬೆಳ್ಳಿಯಲ್ಲಿ ಕಲ್ಲು ಮತ್ತು ಚಿಪ್ಪುಗಳನ್ನು ಕೂರಿಸಿದ ಕೆಲವು ಹಳೆಯ ಒಡವೆಗಳಿಗೆ ಮಂಗಳೂರಿನಲ್ಲಿಯೇ ಬೆಲೆ ಕಟ್ಟಿಸಬೇಕಾಗಿ ಬಂದಾಗ ನಾನು ಬಳಸಿದ ಸೇವೆಯೊಂದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೇವೆ ಒದಗಿಸುವವರು ರಥಬೀದಿಗೆ ತಾಗಿಕೊಂಡ ಓಣಿಯೊಂದರ ಮೊದಲ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ, ರತ್ನಪರೀಕ್ಷೆಯಲ್ಲಿ ತರಬೇತಿ ಪಡೆದ ಮಹಿಳೆ. ಅವರು ಒಡವೆ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಪರೀಕ್ಷಿಸಿ, ಬೆಲೆ ಕಟ್ಟಿ, ವರದಿ ಬರೆದುಕೊಡುವುದಷ್ಟೇ ಅವರ ಕಸುಬು. ಗುರುತಿನವರ ಮೂಲಕ ಬರುವ ಗಿರಾಕಿಗಳೇ ಸಾಕು, ಹೆಸರು ಹಾಕುವುದು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಇಂತಹ ಒಡವೆಯನ್ನು ಯಾರ ಬಳಿ ಒಯ್ದರೂ ಅವರಿಂದ ಏನನ್ನು ನಿರೀಕ್ಷಿಸಬಹುದು, ಯಾವ ಮಾತು ಬಂದಾಗ ಒಡವೆಯನ್ನು ಹಿಂದಕ್ಕೆ ತೆಗೆದುಕೊಂಡು ಹೊರಡಬೇಕು ಎಂಬುದು ಓದುಗರಿಗೆ ಇದರಿಂದ ತಿಳಿದೀತು.

ಹೊರಡಬೇಕಾದ ಮಾತು ನನಗೆ ಮೊದಲೇ ಬೇರೊಂದು ಅಂಗಡಿಯಲ್ಲಿ ಕೇಳಿಬಂದಿತ್ತು. ಅಲ್ಲಿಯ ಯಜಮಾನರು ಕೈಬಳೆಯನ್ನು ತಕ್ಕಡಿಯಲ್ಲಿಟ್ಟು, "ಕಲ್ಲೆಲ್ಲ ತೆಗೆದ್ರೆ ಎಷ್ಟುಂಟು ಅಂತ ಗೊತ್ತಾಗ್ತದೆ ಮಾರಾಯ್ರೆ, ಕರಗಿಸಿ ಅದರ ಬೆಲೆ ಕೊಡುವ" ಎಂದರು. ನಮ್ಮಲ್ಲಿ ಹಳೆಯ ಒಡವೆಯನ್ನು ಕೊಳ್ಳುವ ರೀತಿಯೇ ಅದು. ಹರಳಿನ ತೂಕ ಕಳೆ, ಟಂಚ ಅಂದರೆ ಲೋಹದ ಶುದ್ಧತೆ ನೋಡು, ಆ ದಿನದ ದರದಿಂದ ಗುಣಿಸು. ಅವರ ಲೆಕ್ಕದಲ್ಲಿ ಮೋಸವಿರಲಿಲ್ಲ. ಆದರೆ ಆ ಲೆಕ್ಕ ಝೂನಿ ಒಡವೆಗೆ ಹೊಂದುವುದೇ ಇಲ್ಲ.

ಏಕೆ ಹೊಂದುವುದಿಲ್ಲ ಎಂಬುದನ್ನು ತಿಳಿಯಲು ಆ ಜನರ ಕೆಲಸದ ಬಗೆಯನ್ನು ಸ್ವಲ್ಪ ತಿಳಿಯಬೇಕು. ಝೂನಿ ಪ್ಯೂಬ್ಲೊ ಎಂಬುದು ನ್ಯೂ ಮೆಕ್ಸಿಕೊ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಗ್ಯಾಲಪ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಊರು. ಕಲ್ಲು ಮತ್ತು ಚಿಪ್ಪುಗಳನ್ನು ಕೊರೆದು, ತಿಕ್ಕಿ, ನಯಗೊಳಿಸುವ ವಿದ್ಯೆ ಅಲ್ಲಿ ಬೆಳ್ಳಿ ಕೆಲಸಕ್ಕಿಂತ ಶತಮಾನಗಳಷ್ಟು ಹಳೆಯದು. ಬೆಳ್ಳಿ ಕೆಲಸ ಬಂದದ್ದು 1870ರ ದಶಕದಲ್ಲಿ, ಆಟ್ಸಿಡಿ ಚೋನ್ ಎಂಬ ನವಾಹೊ ಅಕ್ಕಸಾಲಿಗ ಲನ್ಯಾಡೆ ಎಂಬ ಝೂನಿಗೆ ಅದನ್ನು ಕಲಿಸಿಕೊಟ್ಟ ಮೇಲೆ. ಬೆಳ್ಳಿಯಲ್ಲಿ ಫಿರೋಜಾ (ಟರ್ಕ್ವಾಯಿಸ್) ಎಂಬ ನೀಲಿ ಕಲ್ಲನ್ನು ಕೂರಿಸುವ ರೂಢಿ ಸುಮಾರು 1890ರ ಹೊತ್ತಿಗೆ ಆರಂಭವಾಯಿತು. ಅಷ್ಟರಲ್ಲಿ ಗ್ಯಾಲಪ್‌ಗೆ ರೈಲು ಬಂದಿತ್ತು, ರೈಲಿನೊಂದಿಗೆ ಪ್ರವಾಸಿಗಳು ಬಂದರು, ಅವರ ಹಿಂದೆಯೇ ವ್ಯಾಪಾರಿಗಳು. ನೆರೆಯ ನವಾಹೊ ಜನರ ಒಡವೆಯಲ್ಲಿ ಬೆಳ್ಳಿಯೇ ಮುಖ್ಯವಾಗಿ, ಕಲ್ಲು ಅದಕ್ಕೊಂದು ಅಲಂಕಾರವಾಗಿ ಉಳಿಯಿತು. ಕಲ್ಲಿನ ವಿದ್ಯೆಯಲ್ಲಿ ಪಳಗಿದ ಝೂನಿಗಳಲ್ಲಿ ಮಾತ್ರ ಕಲ್ಲೇ ಚಿತ್ರವಾಯಿತು, ಬೆಳ್ಳಿ ಅದರ ಚೌಕಟ್ಟಾಯಿತು. ಹೀಗಿರುವಾಗ ಚೌಕಟ್ಟನ್ನು ತೂಗಿ ಚಿತ್ರಕ್ಕೆ ಬೆಲೆ ಹೇಳಿದರೆ ಅದು ಬೆಲೆಯೇ ಅಲ್ಲ.

ನಾನು ಒಯ್ದ ಒಡವೆಗಳು ನನ್ನ ದೊಡ್ಡಮ್ಮನವು. ಅವರು 1970ರ ದಶಕದಲ್ಲಿ ಗ್ಯಾಲಪ್‌ನ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದರು. ಆ ಪಟ್ಟಣದಲ್ಲಿ ಮೂಲನಿವಾಸಿಗಳ ಒಡವೆಯ ವ್ಯಾಪಾರ ಇಂದಿಗೂ ದೊಡ್ಡದು. ಮನೆಯ ಬೆಳ್ಳಿಯನ್ನು ಅಡವಿಟ್ಟು ಖರ್ಚಿಗೆ ಹಣ ಪಡೆಯುವುದು, ಹಬ್ಬದ ಹೊತ್ತಿಗೆ ಬಿಡಿಸಿಕೊಳ್ಳುವುದು ನಮ್ಮಲ್ಲಿರುವಂತೆ ಅಲ್ಲಿಯೂ ಹಳೆಯ ಪದ್ಧತಿ. ಕುಟುಂಬದೊಳಗೆ ಪಾಲು ಮಾಡಲು ಬೆಲೆ ಬೇಕಾಗಿತ್ತು. ಬೆಳ್ಳಿಯ ಕೋಣೆಗಳಲ್ಲಿ ಕಲ್ಲು ಕೂರಿಸುವ ಚಾನೆಲ್ ಇನ್‌ಲೇ ಕೆಲಸದ, ಬೋಲೋ ಟೈ ಎಂಬ ಒಂದು ಕಂಠಾಭರಣ, ಸೂಜಿಯಂತಹ ಫಿರೋಜಾ ಕಲ್ಲುಗಳ ಒಂದು ಕೈಬಳೆ, ಸೂರ್ಯಮುಖದ ಒಂದು ಪದಕ ಮತ್ತು ಬಹಳ ಕಾಲದ ಅನಂತರ ಯಾರೋ ಉಡುಗೊರೆಯಾಗಿ ಕೊಟ್ಟ ಒಂದು ಕಂಠಹಾರ ಆ ಪೆಟ್ಟಿಗೆಯಲ್ಲಿದ್ದವು. ಕೈಬಳೆಯೊಂದಿಗೆ ಗ್ಯಾಲಪ್‌ನ ಅಂಗಡಿಯೊಂದರ 1974ರ ರಸೀದಿ ಮಡಚಿಟ್ಟಂತೆಯೇ ಇತ್ತು.

ಪರೀಕ್ಷೆಯ ಕ್ರಮವೇ ಈ ಸೇವೆಯ ಬಗ್ಗೆ ನನ್ನಲ್ಲಿ ಭರವಸೆ ಹುಟ್ಟಿಸಿತು. ಅವರು ಮೊದಲು ಕೇಳಿದ್ದು ರಸೀದಿ, ಹಳೆಯ ಫೋಟೋ, ಪೆಟ್ಟಿಗೆ, ಅಡವಿನ ಚೀಟಿ ಏನಾದರೂ ಇದೆಯೇ ಎಂದು. ದೊಡ್ಡಮ್ಮ ಆ ಬಳೆ ತೊಟ್ಟಿರುವ ಒಂದು ಫೋಟೋ ಸಿಕ್ಕಿದರೆ ತನ್ನಿ, ಫೋಟೋದ ಹಿಂದೆ ಮುದ್ರಿತವಾದ ವರ್ಷವೂ ಪ್ರಯೋಜನಕ್ಕೆ ಬರುತ್ತದೆ ಎಂದರು. ಅದಾದ ಮೇಲೆ ಒಡವೆಗಳನ್ನು ಒಂದೊಂದಾಗಿ ಬೋರಲು ಹಾಕಿ ಹಿಂಬದಿಯನ್ನೇ ಬಹಳ ಹೊತ್ತು ನೋಡಿದರು. ಒಡವೆಯ ಮುಂಭಾಗ ಕೊಳ್ಳುವವನಿಗೆ, ಹಿಂಭಾಗ ಪರೀಕ್ಷಿಸುವವನಿಗೆ ಎಂಬುದು ನಮ್ಮ ಆಚಾರಿಗಳಿಗೂ ಗೊತ್ತಿರುವ ಮಾತೇ. ಕೈಯಿಂದ ತಗಡು ಕತ್ತರಿಸಿ ಬೆಸುಗೆ ಹಾಕಿದ ಕೆಲಸದಲ್ಲಿ ಅರದ ಗೆರೆಗಳು, ಬೆಸುಗೆ ಹರಿದ ಗುರುತು, ಸಮವಾಗಿರದ ಅಂಚು ಕಾಣುತ್ತವೆ. ಅಚ್ಚಿಗೆ ಎರಕ ಹೊಯ್ದದ್ದರಲ್ಲಿ ಅಂಚುಗಳು ಮೊಂಡಾಗಿ, ಮೂಲೆಗಳಲ್ಲಿ ಸಣ್ಣ ಸಣ್ಣ ಗುಳಿಗಳು ಉಳಿದಿರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇದ್ದರೆ ಇದನ್ನು ಯಾರೂ ಕಲಿಯಬಹುದು.

ಬೋಲೋ ಟೈ ಎಂದರೆ ಹೆಣೆದ ಚರ್ಮದ ದಾರಕ್ಕೆ ಬೆಳ್ಳಿಯ ಬಿಲ್ಲೆಯೊಂದನ್ನು ಪೋಣಿಸಿದ ಕಂಠಾಭರಣ. ಅರಿಝೋನಾ ರಾಜ್ಯ 1971ರಲ್ಲಿ ಇದನ್ನು ತನ್ನ ಅಧಿಕೃತ ಕಂಠವಸ್ತ್ರವೆಂದೇ ಸಾರಿತು. ದೊಡ್ಡಮ್ಮನ ಬೋಲೋದ ಬಿಲ್ಲೆಯಲ್ಲಿರುವುದು ನೈಫ್‌ವಿಂಗ್, ಅಂದರೆ ರೆಕ್ಕೆಗಳಲ್ಲಿ ಗರಿಯ ಬದಲು ಚೂರಿಗಳಿರುವ ಆಕಾಶಜೀವಿ. ಬಿಲ್ಲೆಯ ಹಿಂದಿನ ಕ್ಲಿಪ್ಪಿನ ಮೇಲೆ ಬೆನೆಟ್ ಎಂಬ ತಯಾರಕರ ಹೆಸರೂ ಸಿ-31 ಎಂಬ ಗುರುತೂ ಇವೆ. ಕಳೆದ ಶತಮಾನದ ನಡುಭಾಗದ ಬೋಲೋಗಳಲ್ಲಿ ಕಾಣಸಿಗುವ ಕ್ಲಿಪ್ಪು ಇದು. ಆದ್ದರಿಂದ ಈ ಬಿಲ್ಲೆ 1930ರದ್ದು ಎಂದು ಯಾರಾದರೂ ಹೇಳಿದ್ದರೆ ಅದನ್ನು ಕೈಬಿಡಬೇಕಾಗುತ್ತದೆ. ಹಾಗೆಂದು ಇದು 1950ರ ದಶಕದ್ದೇ ಎನ್ನುವಂತೆಯೂ ಇಲ್ಲ, ಏಕೆಂದರೆ ಹಳೆಯ ದಾಸ್ತಾನಿನ ಕ್ಲಿಪ್ಪನ್ನು ಕೆಲಸಗಾರ ಎಷ್ಟೋ ವರ್ಷಗಳ ಅನಂತರ ಬಳಸಿರಬಹುದು. ಕ್ಲಿಪ್ಪು ತೋರಿಸುವುದು ಅದಕ್ಕಿಂತ ಹಿಂದೆ ಆಗಿರಲಾರದು ಎಂಬ ಗಡಿಯನ್ನು ಮಾತ್ರ. ವರದಿಯಲ್ಲಿ ಅವರು ಬರೆದದ್ದೂ ಅಷ್ಟನ್ನೇ. ಒಂದು ಗುರುತು ಎಷ್ಟನ್ನು ಹೇಳುತ್ತದೋ ಅಷ್ಟಕ್ಕೇ ನಿಲ್ಲುವ ಈ ಸಂಯಮ ವರದಿಯ ಉದ್ದಕ್ಕೂ ಇದೆ, ಮತ್ತು ಕೊಟ್ಟ ಹಣ ಸಾರ್ಥಕವಾಯಿತೆಂದು ನನಗೆ ಅನಿಸಿದ್ದು ಮುಖ್ಯವಾಗಿ ಇದರಿಂದಲೇ.

ಬೆಳ್ಳಿಯ ಪರೀಕ್ಷೆಯನ್ನು ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಮಾಡಿಸಲಾಯಿತು. ಈ ಯಂತ್ರ ಅವರ ಬಳಿ ಇಲ್ಲ. ಪಕ್ಕದ ಪರೀಕ್ಷಾ ಕೇಂದ್ರಕ್ಕೆ ಅವರೇ ಜೊತೆಯಲ್ಲಿ ಬಂದು, ಒಡವೆ ಕಣ್ಣಿನ ಮುಂದೆಯೇ ಇರುವಂತೆ ನೋಡಿಕೊಂಡರು. ಕ್ಷಕಿರಣ ಹಾಯಿಸಿ ಲೋಹದ ಮಿಶ್ರಣವನ್ನು ಹೇಳುವ ಈ ಯಂತ್ರ ಒಡವೆಯನ್ನು ಗೀರುವುದಿಲ್ಲ ಎಂಬುದು ಒರೆಗಲ್ಲಿಗಿಂತ ಮೇಲು. ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ. ಬೆಸುಗೆಯ ಮೇಲೆ ಬಿದ್ದರೆ ಶುದ್ಧತೆ ಕಡಿಮೆ ಎನ್ನುತ್ತದೆ, ಬೆಳ್ಳಿಯ ಲೇಪದ ಮೇಲೆ ಬಿದ್ದರೆ ಹೆಚ್ಚು ಎನ್ನುತ್ತದೆ. ಅದಕ್ಕಾಗಿ ಒಂದೇ ಕಡೆ ಹಿಡಿಯದೆ ಹಲವು ಜಾಗಗಳಲ್ಲಿ ಓದಿಸಿದರು. ಹಳೆಯ ಕಾಲದ ಅಕ್ಕಸಾಲಿಗರು ಅಮೆರಿಕದ ಬೆಳ್ಳಿ ನಾಣ್ಯಗಳನ್ನು, ಆಮೇಲೆ ಮೆಕ್ಸಿಕೊದ ಪೆಸೊಗಳನ್ನು ಕರಗಿಸಿ ಒಡವೆ ಮಾಡುತ್ತಿದ್ದರು; ಆ ಬೆಳ್ಳಿ ಸಾವಿರಕ್ಕೆ 900ರ ಆಸುಪಾಸಿನದು. ಅನಂತರ ಕಾರ್ಖಾನೆಯ 925 ಶುದ್ಧತೆಯ ತಗಡು ಬಳಕೆಗೆ ಬಂತು. ದೊಡ್ಡಮ್ಮನ ಒಡವೆಗಳೆಲ್ಲ 925ಕ್ಕೆ ಹತ್ತಿರದವು. ಬಳೆಯಲ್ಲಾಗಲಿ ಪದಕದಲ್ಲಾಗಲಿ, 925 ಬೆಳ್ಳಿಗೆ ಹಾಕುವ ಸ್ಟರ್ಲಿಂಗ್ ಎಂಬ ಮುದ್ರೆಯಿಲ್ಲ, ಅದು ದೋಷವೂ ಅಲ್ಲ. ಹಳೆಯ ಝೂನಿ ಕೆಲಸದಲ್ಲಿ ಮುದ್ರೆಯಾಗಲಿ ಸಹಿಯಾಗಲಿ ಇಲ್ಲದಿರುವುದೇ ಸಾಮಾನ್ಯ. ಹಿಂಬದಿಯಲ್ಲಿ ಹೆಸರು ಕೊರೆಯುವ ರೂಢಿ ವ್ಯಾಪಕವಾದದ್ದು ಬೇಡಿಕೆ ಏರಿದ 1970ರ ದಶಕದಿಂದೀಚೆಗೆ. ಹಾಲ್‌ಮಾರ್ಕ್ ಇಲ್ಲದ್ದನ್ನು ಕೊಳ್ಳಬೇಡಿ ಎಂದು ಕೇಳಿ ಕೇಳಿ ಬೆಳೆದ ನಮಗೆ ಇದನ್ನು ಒಪ್ಪುವುದು ಕಷ್ಟ.

ಕೈಬಳೆಯ ಕೆಲಸವನ್ನು ವಿವರವಾಗಿ ಹೇಳಲೇಬೇಕು. ನೀಡಲ್‌ಪಾಯಿಂಟ್ ಎಂದು ಕರೆಯುವ ಈ ಶೈಲಿಯಲ್ಲಿ ಒಂದೊಂದು ಫಿರೋಜಾ ತುಣುಕನ್ನೂ ಎರಡೂ ತುದಿ ಮೊನಚಾಗುವಂತೆ ಸಪೂರವಾಗಿ ತಿಕ್ಕಿ, ಒಂದೊಂದಕ್ಕೂ ಬೇರೆ ಬೇರೆ ಬೆಳ್ಳಿಯ ಗೂಡು ಮಾಡಿ, ಗೂಡಿನ ಗರಗಸದಂತಹ ಹಲ್ಲುಗಳನ್ನು ಕಲ್ಲಿನ ಮೇಲೆ ಮಡಚಿ ಹಿಡಿಸುತ್ತಾರೆ. ಕಲ್ಲು ದುಂಡಗೋ ಮೊಟ್ಟೆಯಾಕಾರದಲ್ಲೋ ಹನಿಯಾಕಾರದಲ್ಲೋ ಇದ್ದರೆ ಅದೇ ಕೆಲಸಕ್ಕೆ ಪೆಟಿಟ್ ಪಾಯಿಂಟ್ ಎನ್ನುತ್ತಾರೆ. ಭತ್ತದ ಕಾಳಿಗಿಂತ ಸಪೂರವಾದ ಆ ತುಣುಕುಗಳಲ್ಲಿ ಒಂದು ತಿಕ್ಕುವಾಗ ಮುರಿದರೆ ಅಷ್ಟೇ ಬಣ್ಣದ ಇನ್ನೊಂದನ್ನು ಹುಡುಕಿ ಮತ್ತೆ ಮೊದಲಿನಿಂದ ತಿಕ್ಕಬೇಕು. ಬಳೆಯ ಬೆಲೆ ಇರುವುದು ಈ ಶ್ರಮದಲ್ಲಿ ಮತ್ತು ಸಾಲು ಸಾಲಿನ ಕಲ್ಲುಗಳ ಬಣ್ಣ ಹೊಂದಿಕೆಯಲ್ಲಿ. ಪರೀಕ್ಷಕರು ಪ್ರತಿ ಕಲ್ಲನ್ನೂ ಲೂಪಿನಡಿ ನೋಡಿ, ಅವುಗಳಲ್ಲಿ ಎರಡು ಮಾತ್ರ ಉಳಿದವಕ್ಕಿಂತ ಹಸಿರಾಗಿರುವುದನ್ನೂ, ಅವುಗಳ ಗೂಡಿನ ಹಲ್ಲುಗಳನ್ನು ಎಂದೋ ಒಮ್ಮೆ ಎತ್ತಿ ಮತ್ತೆ ಒತ್ತಿರುವುದನ್ನೂ ತೋರಿಸಿದರು. ಆ ಎರಡು ಕಲ್ಲುಗಳನ್ನು ಬದಲಿಸಲಾಗಿದೆ ಎಂಬ ತೀರ್ಮಾನಕ್ಕೆ ಬಣ್ಣವೊಂದನ್ನೇ ಆಧಾರ ಮಾಡಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಫಿರೋಜಾ ರಂಧ್ರಮಯವಾದ ಕಲ್ಲು. ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ, ನೀರಿನಂಶವುಳ್ಳ ಫಾಸ್ಫೇಟ್ ಅದು. ಬೆವರು, ತಲೆಗೆ ಹಾಕುವ ತೆಂಗಿನೆಣ್ಣೆ, ಸುಗಂಧದ್ರವ್ಯ ಎಲ್ಲವನ್ನೂ ಹೀರಿಕೊಂಡು ಕಾಲಕ್ರಮದಲ್ಲಿ ಹಸಿರಿಗೆ ತಿರುಗಬಹುದು.

ಚಾನೆಲ್ ಇನ್‌ಲೇ ಬೇರೆ ಬಗೆ. ಬೆಳ್ಳಿಯ ತಳತಗಡಿನ ಮೇಲೆ ತೆಳುವಾದ ಬೆಳ್ಳಿ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಬೆಸೆದು ಚಿಕ್ಕ ಚಿಕ್ಕ ಕೋಣೆಗಳನ್ನು ಮಾಡುತ್ತಾರೆ, ಒಂದೊಂದು ಕೋಣೆಗೂ ಸರಿಯಾಗಿ ಕಲ್ಲನ್ನು ಕತ್ತರಿಸಿ ಕೂರಿಸಿ, ಕೊನೆಗೆ ಬೆಳ್ಳಿ ಮತ್ತು ಕಲ್ಲನ್ನು ಒಟ್ಟಿಗೇ ತಿಕ್ಕಿ ಒಂದೇ ಮಟ್ಟಕ್ಕೆ ತರುತ್ತಾರೆ. ನಡುವೆ ಬೆಳ್ಳಿಯ ಗೋಡೆಯಿಲ್ಲದೆ ಕಲ್ಲಿಗೆ ಕಲ್ಲನ್ನು ತಾಗಿಸಿ ಮಾಡುವ ಮೊಸಾಯಿಕ್ ಇನ್‌ಲೇ ಇನ್ನೂ ಕಷ್ಟದ್ದು, ಏಕೆಂದರೆ ಕತ್ತರಿಸುವಾಗ ಆದ ಸಂದನ್ನು ಮರೆಮಾಚಲು ಅಲ್ಲಿ ಬೆಳ್ಳಿಯಿರುವುದಿಲ್ಲ. ದೊಡ್ಡಮ್ಮನ ನೈಫ್‌ವಿಂಗ್‌ನಲ್ಲಿಯೂ ಸೂರ್ಯಮುಖದಲ್ಲಿಯೂ ಝೂನಿಗಳಿಗೆ ಪ್ರಿಯವಾದ ನಾಲ್ಕು ಬಣ್ಣಗಳೇ ಇವೆ: ನೀಲಿಗೆ ಫಿರೋಜಾ, ಕೆಂಪಿಗೆ ಹವಳ, ಬಿಳಿಗೆ ಮುತ್ತಿನ ಚಿಪ್ಪು, ಕಪ್ಪಿಗೆ ಜೆಟ್. ಜೆಟ್ ಎಂಬುದು ಪ್ರಾಚೀನ ಮರ ಕಲ್ಲಿದ್ದಲಾಗಿ ಗಟ್ಟಿಯಾದದ್ದು. ಗಾಜಿಗಿಂತ ಹಗುರ, ಮುಟ್ಟಿದರೆ ಗಾಜಿನಷ್ಟು ತಂಪಾಗಿರುವುದಿಲ್ಲ.

ಹವಳದ ವಿಷಯದಲ್ಲಿ ಈ ಪರೀಕ್ಷಕರು ಬಹಳ ಗಟ್ಟಿ. ಅದಕ್ಕೆ ಕಾರಣ ಸರಳ: ಕರಾವಳಿಯಲ್ಲಿ ಹವಳದ ಉಂಗುರ ಕೊಳ್ಳುವವರು, ಅದು ನಿಜವೋ ಅಲ್ಲವೋ ಎಂದು ಕೇಳಿಕೊಂಡು ಬರುವವರು ದಿನವೂ ಇರುತ್ತಾರೆ. ನಿಜವಾದ ಹವಳದ ಮೈಮೇಲೆ ಲೂಪಿನಡಿ ಕಾಣುವ ನವಿರಾದ ಸಮಾಂತರ ಗೆರೆಗಳು, ಗಾಜಿನಲ್ಲಿ ಕಾಣುವ ಗುಳ್ಳೆಗಳು, ಬಣ್ಣ ಹಾಕಿದ ಅಗ್ಗದ ಹವಳದ ಬಿರುಕುಗಳಲ್ಲಿ ಮಡುಗಟ್ಟಿದ ಬಣ್ಣ, ಇವನ್ನೆಲ್ಲ ಅವರು ಹುಡುಕಬೇಕಾಗಿಯೂ ಬರಲಿಲ್ಲ. ಫಿರೋಜಾ ಅಷ್ಟು ಪರಿಚಿತವಲ್ಲ. ಅದು ನವರತ್ನಗಳಲ್ಲಿ ಸೇರಿಲ್ಲ, ನಮ್ಮ ಕಡೆಯ ಪೇಟೆಯಲ್ಲಿ ಅದರ ಓಡಾಟವೂ ಕಡಿಮೆ. ಅದು ಸಹಜ ಫಿರೋಜಾವೇ, ರಾಳ ಹೀರಿಸಿ ಗಟ್ಟಿ ಮಾಡಿದ್ದೇ, ಪುಡಿ ಒತ್ತಿ ಮಾಡಿದ್ದೇ, ಅಥವಾ ಬಣ್ಣ ಹಾಕಿದ ಹೌಲೈಟ್ ಎಂಬ ಮೆತ್ತಗಿನ ಬಿಳಿ ಕಲ್ಲೇ ಎಂಬಷ್ಟನ್ನು ಅವರು ವಿಶ್ವಾಸದಿಂದ ಹೇಳುತ್ತಾರೆ. ಆದರೆ ಈ ಕಲ್ಲು ಯಾವ ಗಣಿಯದು ಎಂದು ನಾನು ಕೇಳಿದಾಗ ಉತ್ತರ ಸ್ಪಷ್ಟವಾಗಿತ್ತು: "ಅದನ್ನು ಕಣ್ಣಲ್ಲಿ ನೋಡಿ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ, ಹೇಳಿದ್ರೂ ನೀವು ನಂಬ್ಬೇಡಿ." ಅರಿಝೋನಾದ ಸ್ಲೀಪಿಂಗ್ ಬ್ಯೂಟಿ ಗಣಿಯಲ್ಲಿ ಫಿರೋಜಾ ತೆಗೆಯುವುದು 2012ರಲ್ಲಿ ನಿಂತ ಮೇಲೆ ಆ ಹೆಸರಿಗೇ ಬೆಲೆ ಬಂದಿದೆ, ಕಲೆಯಿಲ್ಲದ ತಿಳಿನೀಲಿ ಕಲ್ಲಿಗೆಲ್ಲ ಮಾರುವವರು ಅದೇ ಹೆಸರು ಕಟ್ಟುತ್ತಾರೆ. ವರದಿಯಲ್ಲಿ ಗಣಿಯ ಹೆಸರಿನ ಕಡೆ ಗೀಟು ಎಳೆದು ಬಿಟ್ಟಿರುವುದನ್ನು ನಾನು ಕೊರತೆ ಎಂದು ಎಣಿಸುವುದಿಲ್ಲ.

ಕಂಠಹಾರದ ಪ್ರಕರಣ ಇಡೀ ಪರೀಕ್ಷೆಯಲ್ಲಿ ಹೆಚ್ಚು ತಿಳಿವಳಿಕೆ ಕೊಟ್ಟ ಭಾಗ. ಅದರ ಮೇಲೆ 925 ಎಂಬ ಮುದ್ರೆಯಿತ್ತು, ಯಂತ್ರವೂ 925 ಎಂದೇ ಹೇಳಿತು. ನಮ್ಮ ಪೇಟೆಯ ಮಾತಿನಲ್ಲಿ ಇಷ್ಟಾದರೆ ಒಡವೆ ಅಸಲಿ. ಆದರೆ ಎಲ್ಲ ಬಿಲ್ಲೆಗಳೂ ಒಂದೇ ಅಚ್ಚಿನಲ್ಲಿ ಹೊಯ್ದವು. ಒಂದರಲ್ಲಿದ್ದ ಗುಳಿ ಅದೇ ಜಾಗದಲ್ಲಿ ಇನ್ನೊಂದರಲ್ಲಿಯೂ ಇದೆ. ಕಲ್ಲೆಂದು ಕಂಡದ್ದು ಬಣ್ಣದ ರಾಳದ ಗಟ್ಟಿಯಿಂದ ಕತ್ತರಿಸಿದ್ದು. ಕಪ್ಪು ಗೆರೆಗಳು ಎಲ್ಲ ತುಣುಕುಗಳಲ್ಲಿಯೂ ಒಂದೇ ದಪ್ಪದವು, ನಿಜವಾದ ಕಲ್ಲಿನಲ್ಲಿರುವಂತೆ ಎಲ್ಲಿಯೂ ತಗ್ಗಾಗಿಲ್ಲ. ನೇರಳಾತೀತ ದೀಪದಡಿ ಸಂದುಗಳಲ್ಲಿ ತುಂಬಿದ ಅಂಟು ಬೆಳ್ಳಗೆ ಹೊಳೆಯಿತು. ಹೊಸ ಅಂಟು ಇದ್ದ ಮಾತ್ರಕ್ಕೆ ಒಡವೆ ಖೋಟಾ ಎನ್ನಲಾಗದು, ದುರಸ್ತಿ ಮಾಡಿದ ಹಳೆಯ ಒಡವೆಯಲ್ಲಿಯೂ ಅದು ಇರಬಹುದು. ಆದರೆ ಇಲ್ಲಿ ಉಳಿದ ಗುರುತುಗಳೆಲ್ಲ ಅದೇ ಕಡೆ ಬೆರಳು ತೋರುತ್ತಿದ್ದವು. ಬೆಳ್ಳಿ ನಿಜ, ಝೂನಿ ಎಂಬುದು ಮಾತ್ರ ಸುಳ್ಳು.

ಇಂತಹ ಮಾಲು ಎಲ್ಲಿಂದ ಬರುತ್ತದೆ ಎಂಬುದು ಗುಟ್ಟೇನಲ್ಲ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಹೇಳಿ ಮಾರುವುದು ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೇ ವ್ಯಕ್ತಿಯೊಬ್ಬನಿಗೆ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡವನ್ನೋ ಐದು ವರ್ಷದವರೆಗೆ ಸೆರೆವಾಸವನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದು. 2015ರಲ್ಲಿ ಅಲ್ಲಿಯ ಕೇಂದ್ರ ಅಧಿಕಾರಿಗಳು ನ್ಯೂ ಮೆಕ್ಸಿಕೊದ ಅಂಗಡಿಗಳ ಮೇಲೆ ದಾಳಿ ನಡೆಸಿದಾಗ ಫಿಲಿಪೈನ್ಸ್‌ನಲ್ಲಿ ತಯಾರಾದ ಒಡವೆಗಳು ಮೂಲನಿವಾಸಿಗಳ ಕೆಲಸವೆಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದು ಬೆಳಕಿಗೆ ಬಂತು. ಆ ಪ್ರಕರಣದಲ್ಲಿ 2018ರಲ್ಲಿ ಒಬ್ಬ ಅಂಗಡಿಯವನಿಗೆ ಆರು ತಿಂಗಳ ಸೆರೆಯಾಯಿತು. ನಮ್ಮ ಕಂಠಹಾರ ಎಲ್ಲಿಯದು ಎಂದು ವರದಿ ಹೇಳುವುದಿಲ್ಲ. ಎರಕದ ಬೆಳ್ಳಿ, ರಾಳದ ಅನುಕರಣ ಕಲ್ಲು, ಝೂನಿ ಶೈಲಿ ಎಂದಷ್ಟೇ ಬರೆದು, ಬೆಳ್ಳಿಯ ತೂಕದ ಬೆಲೆಯನ್ನು ಕಟ್ಟಲಾಗಿದೆ. ಇಲ್ಲಿ ಮಾತ್ರ ತಕ್ಕಡಿಯ ಲೆಕ್ಕ ನ್ಯಾಯವಾಗಿ ಹೊಂದಿತು.

ಶೈಲಿ ಎಂಬ ಪದವನ್ನು ವರದಿಯಲ್ಲಿ ಎಚ್ಚರದಿಂದ ಬಳಸಲಾಗಿದೆ. ಝೂನಿ ಶೈಲಿಯದು, ಝೂನಿ ಕೆಲಸವೆಂದು ನಂಬಲು ಆಧಾರವಿರುವುದು, ಇಂತಹ ಕಲಾವಿದನ ಕೆಲಸ ಎಂದು ಮೂರು ಮೆಟ್ಟಿಲುಗಳನ್ನು ಮಾಡಿ ಬೋಲೋ, ಬಳೆ, ಪದಕಗಳನ್ನು ಎರಡನೆಯ ಮೆಟ್ಟಿಲಿನಲ್ಲಿಟ್ಟಿದ್ದಾರೆ. ಮೂರನೆಯದಕ್ಕೆ ಯಾವುದನ್ನೂ ಏರಿಸಿಲ್ಲ. ಲೀಕ್ಯಾ ಡೆಯುಸೆ, ಟೆಡ್ಡಿ ವೀಕಿ, ಲಿಯೋ ಪೊಬ್ಲಾನೊ ಮೊದಲಾದ ಹಿರಿಯ ಝೂನಿ ಕಲಾವಿದರ ಹೆಸರು ಸೇರಿದರೆ ಒಡವೆಯ ಬೆಲೆ ಎಲ್ಲಿಗೋ ಹೋಗುತ್ತದೆ, ಆದ್ದರಿಂದಲೇ ಸಹಿಯಿಲ್ಲದ ವಸ್ತುವಿಗೆ ಆ ಹೆಸರು ಅಂಟಿಸುವ ಆಸೆಯೂ ದೊಡ್ಡದು. ಅದಕ್ಕೊಂದು ನಿಜವಾದ ತೊಡಕೂ ಇದೆ: ಝೂನಿಯಲ್ಲಿ ಗಂಡ ಹೆಂಡತಿಯರಲ್ಲಿ ಒಬ್ಬರು ಕಲ್ಲು ತಿಕ್ಕುವುದು, ಇನ್ನೊಬ್ಬರು ಬೆಳ್ಳಿ ಬೆಸೆಯುವುದು ಸಾಮಾನ್ಯ, ಸಿ. ಜಿ. ವಾಲೇಸ್‌ನಂತಹ ವ್ಯಾಪಾರಿಗಳು ಒಬ್ಬರಿಂದ ಕಲ್ಲು ಕೊರೆಸಿ ಮತ್ತೊಬ್ಬರಿಂದ, ಕೆಲವೊಮ್ಮೆ ನವಾಹೊ ಅಕ್ಕಸಾಲಿಗರಿಂದ, ಬೆಳ್ಳಿ ಕಟ್ಟಿಸಿದ್ದೂ ಉಂಟು. ವಾಲೇಸ್‌ನ ಸಂಗ್ರಹ 1975ರಲ್ಲಿ ಸಾದಬಿ ಪಾರ್ಕ್ ಬರ್ನೆಟ್ ಸಂಸ್ಥೆಯ ಮೂಲಕ ಹರಾಜಾಯಿತು, ಅವನು ದಾನ ಕೊಟ್ಟ ಒಡವೆಗಳು ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂನಲ್ಲಿವೆ. ಹೆಸರು ಹೇಳುವವರು ಅಂತಹ ದಾಖಲೆಯಿರುವ ಒಡವೆಗಳೊಂದಿಗೆ ಹೋಲಿಸಿ ಹೇಳಬೇಕು, ಮತ್ತು ಆ ಹೋಲಿಕೆಯನ್ನು ಕೈಯಲ್ಲಿ ಹಿಡಿದು ಮಾಡಿದವರು ಮಂಗಳೂರಿನಲ್ಲಿ ಸಿಗುವುದಿಲ್ಲ. ಸೇವೆಯ ಮಿತಿ ಇದು; ಅವರೇ ಅದನ್ನು ವರದಿಯ ಮೊದಲ ಪುಟದಲ್ಲಿ ಬರೆದಿದ್ದಾರೆ.

ಇನ್ನು ಬೆಲೆ. ಬೆಲೆ ಎಂದರೆ ಯಾವ ಬೆಲೆ ಎಂದು ಅವರು ಕೆಲಸ ಶುರುಮಾಡುವ ಮೊದಲೇ ಕೇಳಿದರು. ಕಳೆದುಹೋದರೆ ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ಕೊಳ್ಳಲು ಬೇಕಾಗುವ ಹಣ ವಿಮೆಗೆ ಬೇಕಾದ ಬೆಲೆ. ಅವಸರವಿಲ್ಲದ ಮಾರುವವನೂ ತಿಳಿದ ಕೊಳ್ಳುವವನೂ ಒಪ್ಪುವ ಹಣ ಪಾಲಿಗೆ ಬೇಕಾದ ಬೆಲೆ. ನಾಳೆಯೇ ಮಾರಬೇಕಾದರೆ ಕೈಗೆ ಬರುವುದು ಮತ್ತೊಂದು. ಒಂದೇ ಬಳೆಗೆ ಈ ಮೂರೂ ಬೇರೆ, ವಿಮೆಯ ಬೆಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ಆ ಹೆಚ್ಚಿನ ಅಂಕಿಯನ್ನು ನೋಡಿ ಅಷ್ಟು ಹಣ ಕೈಗೆ ಬಂದೀತೆಂದು ಪಾಲುದಾರರು ಲೆಕ್ಕ ಹಾಕತೊಡಗಿದರೆ ಮನೆಯಲ್ಲಿ ಜಗಳ ಖಂಡಿತ. ನಮಗೆ ಬೇಕಾದದ್ದು ಎರಡನೆಯದು. ಅದಕ್ಕೆ ಆಧಾರವಾಗಿ ಅಮೆರಿಕದ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಹೋಲಿಕೆಯ ಒಡವೆಗಳ ಬೆಲೆಗಳನ್ನು ವರದಿಯಲ್ಲಿ ಪಟ್ಟಿ ಮಾಡಲಾಗಿದೆ. ಅಂತರ್ಜಾಲದಲ್ಲಿ ಮಾರುವವರು ಹಾಕಿಕೊಂಡ ಬೆಲೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕೇಳುವ ಬೆಲೆಗೆ ಮಿತಿಯಿಲ್ಲ, ಕೊಟ್ಟ ಬೆಲೆಯೇ ಬೆಲೆ. ಬಳೆಗೆ ಬಂದ ಅಂಕಿ ಅದರ ಬೆಳ್ಳಿಯ ಬೆಲೆಗಿಂತ ಹಲವು ಪಟ್ಟು ಹೆಚ್ಚು, ಅದರಲ್ಲಿ 1974ರ ರಸೀದಿಯ ಪಾತ್ರವೂ ಇದೆ. ಬದಲಿಸಿದ ಎರಡು ಕಲ್ಲುಗಳಿಗಾಗಿ ಸ್ವಲ್ಪ ಕಳೆದಿದ್ದಾರೆ.

ಶುಲ್ಕ ಒಡವೆಯೊಂದಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ್ದು. ಕಟ್ಟಿದ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಅಲ್ಲ. ಶೇಕಡಾ ಕೇಳುವವರಿಗೆ ಬೆಲೆ ಏರಿಸಿದಷ್ಟೂ ಲಾಭ, ಒಡವೆಯನ್ನು ತಾವೇ ಕೊಳ್ಳುತ್ತೇವೆ ಎನ್ನುವವರಿಗೆ ಇಳಿಸಿದಷ್ಟೂ ಲಾಭ. ಅಮೆರಿಕದ ಮೌಲ್ಯಮಾಪಕರು ಪಾಲಿಸುವ ವೃತ್ತಿ ನಿಯಮಾವಳಿಯೂ ಬೆಲೆಗೆ ತಳಕು ಹಾಕಿದ ಶುಲ್ಕವನ್ನು ನಿಷೇಧಿಸುತ್ತದೆ. ಮಂಗಳೂರಿನ ಮಟ್ಟಿಗೆ ಈ ಶುಲ್ಕ ಕಡಿಮೆಯೇನಲ್ಲ. ರಾಳದ ಕಂಠಹಾರಕ್ಕೂ ಹಳೆಯ ಬಳೆಗೂ ಒಂದೇ ದರ ಕೊಡುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ಖೋಟಾ ಎಂದು ಮೊದಲ ನೋಟಕ್ಕೇ ಕಾಣುವ ವಸ್ತುವಿಗೆ ಪೂರ್ತಿ ವರದಿ ಬೇಕೇ ಎಂದು ಕೇಳಿ, ಬೇಡವೆಂದರೆ ಕಡಿಮೆ ಹಣ ತೆಗೆದುಕೊಳ್ಳುವ ವ್ಯವಸ್ಥೆ ಇರಬೇಕಾಗಿತ್ತು.

ಇತರ ದೂರುಗಳೂ ಇವೆ. ವರದಿ ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ. ಬೆಲೆ ಯಾವ ಅರ್ಥದ್ದು ಎಂಬುದನ್ನು ದೊಡ್ಡಮ್ಮನ ತಂಗಿಯರಿಗೆ ನಾನೇ ಕನ್ನಡದಲ್ಲಿ ಬರೆದುಕೊಡಬೇಕಾಯಿತು. ಫೋಟೋಗಳು ಮುಂಭಾಗದವು ಚೆನ್ನಾಗಿವೆ, ಇಷ್ಟು ಮಹತ್ವ ಕೊಟ್ಟು ನೋಡಿದ ಹಿಂಭಾಗದವು ಮಾತ್ರ ಮಸುಕಾಗಿವೆ. ವರದಿ ಕೈಸೇರಲು ಹೇಳಿದ್ದಕ್ಕಿಂತ ಬಹಳ ತಡವಾಯಿತು. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರನ್ನು ಕರೆದೊಯ್ಯುವುದಾದರೆ ಯೋಚಿಸಬೇಕು. ವಾಹನ ನಿಲ್ಲಿಸುವ ಮಾತು ರಥಬೀದಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ.

ಒಡವೆಯನ್ನು ಹಿಂದಿರುಗಿಸುವಾಗ ಕೊಟ್ಟ ಸಲಹೆ ಶುಲ್ಕದಲ್ಲಿ ಸೇರಿರದ ಲಾಭ. ಕಡಲ ಗಾಳಿಯ ಊರಿನಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ, ಕಪ್ಪಾದ ಬೆಳ್ಳಿ ಕಂಡರೆ ನಮ್ಮ ಮನೆಗಳಲ್ಲಿ ಹುಣಸೆಹುಳಿ ಹಚ್ಚಿ ತಿಕ್ಕುವುದು ರೂಢಿ. ದೇವರ ದೀಪಕ್ಕೆ ಅದು ಸರಿ. ಆದರೆ ಹವಳ ಮತ್ತು ಮುತ್ತಿನ ಚಿಪ್ಪು ಸುಣ್ಣದ ಜಾತಿಯವು. ಹುಳಿ ತಾಗಿದರೆ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ, ಒಮ್ಮೆ ಹೋದದ್ದು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಬೆಳ್ಳಿ ಅದ್ದುವ ದ್ರವವನ್ನು ಫಿರೋಜಾ ಹೀರಿಕೊಳ್ಳುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿದರೆ ಹಳೆಯ ಅಂಟು ಬಿಟ್ಟು ಕಲ್ಲುಗಳು ಉದುರುತ್ತವೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಗಾಳಿಯಾಡದ ಚೀಲದಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಇಡಬೇಕು. ಗೆರೆಗಳ ಸಂದಿನಲ್ಲಿ ಕುಳಿತ ಕಪ್ಪನ್ನು ಹಾಗೆಯೇ ಬಿಡಬೇಕು. ಹಳೆಯ ಕೆಲಸ ಬಲ್ಲ ಕೊಳ್ಳುವವರು ಕಪ್ಪನ್ನೆಲ್ಲ ತೆಗೆದು ಫಳಫಳ ಹೊಳೆಯಿಸಿದ ಒಡವೆಗೆ ಕಡಿಮೆ ಬೆಲೆ ಹೇಳುತ್ತಾರೆ.

ಮನೆಯಲ್ಲಿ ಪಾಲು ಮಾಡಿಕೊಳ್ಳಲು, ವಿಮೆ ಮಾಡಿಸಲು, ಅಥವಾ ಪೆಟ್ಟಿಗೆಯಲ್ಲಿರುವುದರಲ್ಲಿ ಯಾವುದು ಅಸಲಿ ಯಾವುದು ಅಲ್ಲ ಎಂದು ಬೇರ್ಪಡಿಸಲು ಈ ವರದಿ ಧಾರಾಳವಾಗಿ ಸಾಕು. ಅಮೆರಿಕದಲ್ಲಿ ಹರಾಜಿಗೆ ಕಳುಹಿಸುವ ಉದ್ದೇಶವಿದ್ದರೆ ಸಾಲದು. ಅಲ್ಲಿಯ, ನೈಋತ್ಯ ರಾಜ್ಯಗಳ ಒಡವೆಯಲ್ಲೇ ಪಳಗಿದ ಪರೀಕ್ಷಕರ ಅಭಿಪ್ರಾಯ ಬೇಕಾಗುತ್ತದೆ, ಆಗ ಇಲ್ಲಿಯ ವರದಿಯಲ್ಲಿರುವ ಅಳತೆ, ತೂಕ, ಲೋಹದ ಅಂಕಿಗಳು ಅವರಿಗೂ ಉಪಯೋಗಕ್ಕೆ ಬರುತ್ತವೆ. ಹಿಂಭಾಗದ ಫೋಟೋಗಳನ್ನು ಮಾತ್ರ ನೀವೇ ಹಗಲು ಬೆಳಕಿನಲ್ಲಿ ಮತ್ತೊಮ್ಮೆ ತೆಗೆದು ಕಳುಹಿಸಿ.